ನಿಮ್ಮ ಬೆರಳಿನ ತಾಳ

ತೈನಾನ್
ಜನವರಿ ೧೧, ಶನಿವಾರ, ಊಟದ ನಂತರ

ಪ್ರೀತಿಯ ಯಜಮಾನರಿಗೆ, ಮನೆ ಕಾಯುತ್ತಿರುವ ಶ್ಯು-ಲುವಾನ್ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಮೊಣಕಾಲು ಹೇಗಿದೆ? ಪೆಂಗ್‌ಹು ದ್ವೀಪದ ಚಳಿಗಾಳಿಗೆ ಒಣಹಾಕಿದ ಮೀನೂ ಹಾರಿಹೋಗುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ಅಂಥ ಕಡೆಗೆ ಕಂದು ಕೋಟು ಬಿಟ್ಟು ಹೋಗಿದ್ದೀರಿ. ಅದು ಇಲ್ಲಿ ಬಾಗಿಲ ಹಿಂದೆ ನೇತಾಡುತ್ತ, ನಾನು ಹೋಗಿ ಬರುವಾಗಲೆಲ್ಲ ನೀವೇ ನಿಂತಿದ್ದೀರಿ ಎನಿಸುವಂತೆ ಮಾಡುತ್ತಿದೆ. ಅಕ್ಕನವರ ರಕ್ತದೊತ್ತಡ ಹತೋಟಿಯಲ್ಲಿದೆಯೇ? ಅವರು ಉಪ್ಪು ಬಿಟ್ಟಿದ್ದಾರೋ, ಬಿಟ್ಟೆ ಎಂದು ಹೇಳುತ್ತಿದ್ದಾರೋ? ನಾನು ಫೋನ್ ಮಾಡಿದಾಗಲೆಲ್ಲ "ಅವನು ಮಲಗಿದಾನಮ್ಮ" ಎನ್ನುತ್ತಾರೆ. ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸುತ್ತದೆ. ಮಲಗಿದವರು ಅಷ್ಟು ಎಚ್ಚರಿಕೆಯಿಂದ ಕೆಮ್ಮುವುದಿಲ್ಲ ಎಂದು ಅಕ್ಕನವರಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ. ಫೋನನ್ನಾದರೆ ನೀವು ಎತ್ತದೆ ಇರಬಲ್ಲಿರಿ. ಕಾಗದವನ್ನು ಓದದೆ ಇರಲಾರಿರಿ. ಮೀನು ಕಟ್ಟಿ ಕೊಟ್ಟ ಕಾಗದವನ್ನೂ ಬಿಡಿಸಿ, ನೇರಮಾಡಿ, ಕೊನೆಯ ಸಾಲಿನ ತನಕ ಓದುವ ಮನುಷ್ಯ ನೀವು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ತಲೆ ನೆಟ್ಟಗಿದೆ. ಹೆಂಡತಿಯ ಸಮಾಧಾನದ ಮಾತು ಎಂದುಕೊಳ್ಳಬೇಡಿ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ ಎಂದು ನಲವತ್ತು ವರ್ಷದಿಂದ ನೀವೇ ದೂರುತ್ತ ಬಂದಿದ್ದೀರಿ. ಇದಕ್ಕೆ ಸಾಕ್ಷಿ ಸಿಕ್ಕಿದೆ. ಆಫೀಸಿನವರೆಲ್ಲ ಕಣ್ಣಾರೆ ನೋಡಿದ್ದಾರೆ. ಆದರೆ ಆದದ್ದನ್ನೆಲ್ಲ ಮೊದಲಿನಿಂದ ಹೇಳದಿದ್ದರೆ ನೀವು ನಂಬುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗುತ್ತದೆ. ಚಹಾ ಕಾಯಿಸಿಕೊಂಡು ಕುಳಿತುಕೊಳ್ಳಿ.

ನಮ್ಮ ಓಣಿಯ ಗುಡಿಯಲ್ಲಿ ಆ ದಿನ ನಡೆದದ್ದನ್ನು ನೀವು ಹೋದಾಗಿನಿಂದ ನಾನು ತಿರುತಿರುಗಿ ನೆನೆಯುತ್ತಿದ್ದೇನೆ. ಹೊಸವರ್ಷಕ್ಕೆ ಒಬ್ಬೊಬ್ಬರ ಹೆಸರಿನಲ್ಲೂ ಹಚ್ಚುವ ದೀಪಗಳಿಗೆ ಹೆಸರು ದಾಖಲಿಸುವ ಕೆಲಸ ಎಷ್ಟೋ ವರ್ಷದಿಂದ ನಿಮ್ಮದು. ಜನ ಚೀಟಿ ತಂದು ಕೊಡುತ್ತಾರೆ, ನೀವು ಗುಡಿಯ ಕಂಪ್ಯೂಟರಿನಲ್ಲಿ ಹುಟ್ಟಿದ ದಿನ, ಮನೆಯ ನಂಬರು ತುಂಬಿ, ಕೊನೆಗೆ ಹೆಸರು ಬರೆದು ಕಳಿಸುತ್ತೀರಿ. ಈ ಸಲ ದೀಪದ ಪಟ್ಟಿ ಅಚ್ಚಾಗಿ ಬಂದಾಗ ಅಲ್ಲೊಂದು ಇಲ್ಲೊಂದು ಹೆಸರು ಅರ್ಧಕ್ಕೇ ನಿಂತಿತ್ತು. ಮೀನುಂಡೆ ಮಾರುವ ಲಿನ್ ಅಜ್ಜಿಯ ಮೊಮ್ಮಗಳಿಗಂತೂ ಬರೀ ಮನೆತನದ ಹೆಸರು. ಇಡೀ ಲಿನ್ ವಂಶಕ್ಕೆಲ್ಲ ಸೇರಿ ಒಂದು ದೀಪ ಎಂದು ಯಾರೋ ನಕ್ಕರು. ಅಜ್ಜಿ ನಗಲಿಲ್ಲ. ಹುಟ್ಟಿ ಇನ್ನೂ ವರ್ಷ ತುಂಬದ ಮಗು, ಮೊದಲ ದೀಪ, ಅದಕ್ಕೇ ಅರ್ಧ ಹೆಸರು ಎಂದರೆ ಯಾರ ಹೊಟ್ಟೆ ತಣ್ಣಗಿರುತ್ತದೆ? ಅಧ್ಯಕ್ಷರು ಬೈದಿದ್ದರೆ ನೀವು ಎದುರು ಮಾತಾಡಿ ಮನೆಗೆ ಬಂದು ಉಣ್ಣುತ್ತಿದ್ದಿರಿ. ಅವರು ನಿಮ್ಮ ಭುಜ ಮುಟ್ಟಿ, "ವಯಸ್ಸಾಯ್ತಲ್ಲ ಮು-ಜುಂಗ್ ಅಣ್ಣ, ಇನ್ನು ಆರಾಮಾಗಿರಿ" ಎಂದರು. ಆ ಮೆತ್ತನೆಯ ಮಾತೇ ನಿಮ್ಮನ್ನು ಕೆಡವಿತು. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಮದುವೆ ಪತ್ರಿಕೆಯ ಒಂದು ಅಕ್ಷರವೂ ತಪ್ಪಲು ಬಿಡದ ಮನುಷ್ಯ ಗುಡಿಯ ಬೀಗದ ಕೈ ಮೇಜಿನ ಮೇಲಿಟ್ಟು ಬಂದಿರಿ. ಚಳಿಗಾಲದ ಹಬ್ಬಕ್ಕೆ ನಾನು ಮಾಡಿದ ಅಕ್ಕಿಯುಂಡೆಯನ್ನೂ ಪೂರ್ತಿ ತಿನ್ನಲಿಲ್ಲ. "ಹೆಸರು ಅರ್ಧಕ್ಕೆ ಬಿಟ್ಟಿದ್ದು ನಂಗೆ ನೆನಪೇ ಇಲ್ಲ ಕಣೇ. ಅಪ್ಪಂಗೂ ಹೀಗೇ ಶುರುವಾಗಿದ್ದು" ಎಂದಿರಿ. ಮರುದಿನ ಅಕ್ಕನ ಊರಿಗೆ ಹೊರಟಿರಿ.

ಈ ಸಲ ಗುಡಿಗೆ ಬ್ರೌಸರ್ ಹಾಕಿಕೊಟ್ಟವಳು ನಾನೇ, ನಮ್ಮ ಆಫೀಸಿನದೇ ಹೊಸದು, ವಯಸ್ಸಾದವರಿಗೆಂದು ದೊಡ್ಡ ಅಕ್ಷರ ಇರುವಂಥದ್ದು. ಅದನ್ನು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಎಲ್ಲ ಪರೀಕ್ಷೆಯೂ ತಪ್ಪಿಲ್ಲ ಎಂದು ಹಸಿರು ತೋರಿಸುತ್ತಿತ್ತು. ಒಮ್ಮೆ ನೀವು ನನಗೆ ಊಟದ ಡಬ್ಬಿ ಕೊಡಲು ಬಂದಾಗ ನೋಡಿದ್ದಿರಲ್ಲ, ಕುರ್ಚಿಯಲ್ಲಿ ಯಾರೂ ಇಲ್ಲ, ಬ್ರೌಸರ್ ತಾನಾಗಿ ತೆರೆದುಕೊಳ್ಳುತ್ತದೆ, ಬಾಣದ ಗುರುತು ತಾನೇ ಓಡಾಡುತ್ತದೆ, ಹೆಸರು ತಾನೇ ಮೂಡುತ್ತದೆ, ಪುಟ ತಾನೇ ಹೋಗುತ್ತದೆ, ಕೊನೆಗೆ ಹಸಿರು ಗೆರೆ ಬರುತ್ತದೆ. "ನಿಮ್ಮಾಫೀಸಲ್ಲಿ ದೆವ್ವಕ್ಕೆ ಸಂಬಳ ಕೊಡ್ತಾರಾ?" ಎಂದು ಕೇಳಿ ನನ್ನ ಪಕ್ಕದ ಮೇಜಿನ ಹುಡುಗಿ ಯು-ಹಾನ್‌ಳನ್ನು ನಗಿಸಿದ್ದಿರಿ. ಹಿರಿಯರ ಶಾಲೆಯಲ್ಲಿ ಬಿದ್ದು ಎದ್ದು ಕಲಿತು, ಆ ದೆವ್ವಕ್ಕೆ ಏನೇನು ಮಾಡಬೇಕೆಂದು ಬರೆದು ಕೊಡುವವಳು ನಿಮ್ಮ ಹೆಂಡತಿ ಎಂದು ಅಲ್ಲಿದ್ದವರಿಗೆಲ್ಲ ಹೇಳಿಕೊಂಡು ಹೋಗಿದ್ದಿರಿ. ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿದ್ದೀರಿ, ಕೇಳಿಸಿಕೊಂಡೆ.

ಹೋದ ವಾರ ಮುಂದಿನ ಆವೃತ್ತಿ ಹೊರಗೆ ಹೋಗಬೇಕಿತ್ತು. ಹೋಗುವ ದಿನ ಯು-ಹಾನ್ ಪರೀಕ್ಷೆಯ ಕಂಪ್ಯೂಟರಿನ ತಲೆಯ ಮೇಲಿದ್ದ ಹಸಿರು ಪೊಟ್ಟಣ ಎತ್ತಿ ನೋಡಿ ಕಿರುಚಿದಳು. ಅವಧಿ ಮುಗಿದುಹೋಗಿತ್ತು. ಆ ತೆಂಗಿನ ರುಚಿಯ ಜೋಳದ ಕುರುಕಲಿನ ಪೊಟ್ಟಣದ ಮಹಿಮೆ ನಿಮಗೆ ಗೊತ್ತೇ ಇದೆ. ಹೇಳಿದ ಮಾತು ಕೇಳು ಎಂಬ ಹೆಸರಿನದು ಮೇಲಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ. ಹಳದಿಯದಾಗಬಾರದು, ಕೆಂಪಂತೂ ಕೂಡದು, ಯಾರೂ ಬಾಯಿಗೆ ಹಾಕಿಕೊಳ್ಳಬಾರದು, ಹಳತಾಗಬಾರದು. ದೇಶವಿದೇಶದಲ್ಲಿ ಓದಿಬಂದ ನಮ್ಮ ಮೇಲಧಿಕಾರಿ ಶಿಹ್ ಕೂಡ, "ನಾನೇನು ಇದನ್ನೆಲ್ಲ ನಂಬಲ್ಲ. ಆದ್ರೆ ಹೊಸದು ಬರೋ ತನಕ ಯಾರೂ ಏನೂ ಮುಟ್ಟಬೇಡಿ" ಎಂದ. ಸರಿ, ನಾನು ನಿಮ್ಮ ಗೆಳೆಯ ಚಿನ್-ಪೊನ ಅಂಗಡಿಗೆ ಫೋನ್ ಮಾಡಿದೆ. ನಿಮ್ಮ ಜೊತೆ ಅದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವನು ಈಗ ಕುರುಕಲು ಮಾರುತ್ತಾನೆ, ಆದರೆ ಕೈಯಲ್ಲಿ ಆ ಚುರುಕು ಹೋಗಿಲ್ಲ.

ಅವನು ಸ್ಕೂಟರಿನ ಹಿಂದೆ ಒಂದು ಪೆಟ್ಟಿಗೆ ತುಂಬ ಹಸಿರು ಪೊಟ್ಟಣ ಕಟ್ಟಿಕೊಂಡು ಬಂದ. "ಏನತ್ತಿಗೆ, ಇಷ್ಟೊಂದು ಕಂಪ್ಯೂಟರ್ ಮಾತು ಕೇಳ್ತಿಲ್ವಾ? ಗಂಡನೇ ಕೇಳಲ್ಲ, ಇನ್ನು ಇವು ಕೇಳ್ತವಾ?" ಎಂದು ಎಲ್ಲರೆದುರು ನಿಮ್ಮನ್ನೂ ನನ್ನನ್ನೂ ಒಟ್ಟಿಗೇ ಆಡಿಕೊಂಡ. ಸಾಮಾನು ತಲುಪಿಸಿದ್ದನ್ನು ಅವನು ಅಂಗಡಿಯ ಪುಟದಲ್ಲಿ ಬರೆಯಬೇಕಿತ್ತು. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಪರೀಕ್ಷೆಯ ಕಂಪ್ಯೂಟರ್ ಸುಮ್ಮನೆ ಕೂತಿತ್ತು, ಅದರಲ್ಲೇ ಬರೆದ. ಕಣ್ಣು ಚೀಟಿಯ ಮೇಲೆ, ಬೆರಳು ಕೀಲಿಯ ಮೇಲೆ, ತೆರೆಯ ಕಡೆ ನೋಟವೇ ಇಲ್ಲ, ಥೇಟ್ ನಿಮ್ಮ ಹಾಗೆ. ತಲೆಯೆತ್ತಿದಾಗ ತೆರೆಯ ಮೇಲೆ ಧನ್ಯವಾದ ಎಂದಿತ್ತು, ಕೆಳಗೆ ಅವನ ಹೆಸರು. ತು ಚಿನ್-ಪೊ ಅಲ್ಲ, ಬರೀ ತು. ಅವನು ಹಣೆ ಚಚ್ಚಿಕೊಂಡು, "ತಗೋ, ಮು-ಜುಂಗನ ಕಾಯಿಲೆ ನಂಗೂ ಅಂಟ್ತು" ಎಂದ.

ಎಲ್ಲರೂ ನಕ್ಕರು. ನನ್ನ ಕೈಯಲ್ಲಿದ್ದ ಚಹಾ ಬಟ್ಟಲು ಬಾಯಿಗೆ ಹೋಗಲಿಲ್ಲ. ಒಂದೇ ಪ್ರೆಸ್ಸಿನಲ್ಲಿ ಒಂದೇ ಮೇಸ್ತ್ರಿಯ ಕೈಕೆಳಗೆ ಟೈಪಿಂಗ್ ಕಲಿತ ಇಬ್ಬರಿಗೆ ಮರೆವು ಬಂದರೆ, ಅದು ಹೆಸರಿನ ನಡುಮಧ್ಯೆಯೇ ಬರಬೇಕೆ? ಇನ್ನೊಮ್ಮೆ ಬರೆ ಎಂದೆ. ಈಗ ಹತ್ತು ಜೊತೆ ಕಣ್ಣು ತನ್ನ ಮೇಲಿದೆಯೆಂದು ಅವನು ಮದುಮಗನ ಹಾಗೆ ನಿಧಾನವಾಗಿ ಬರೆದ. ಸರಿಯಾಗಿ ಹೋಯಿತು. ಮತ್ತೊಮ್ಮೆ, ಮತ್ತೂ ಸರಿ. "ನೋಡಿ ಮಾಮ, ಏನೂ ಆಗಿಲ್ಲ" ಎಂದಳು ಯು-ಹಾನ್. ಶಿಹ್, "ಪರೀಕ್ಷೆ ಎಲ್ಲ ಹಸಿರಿದೆ ಚಿಕ್ಕಮ್ಮ, ಹೊಸ ಪೊಟ್ಟಣಾನೂ ಬಂತು, ಕಳಿಸೋಣ" ಎಂದ. ಚಿನ್-ಪೊನಿಗೆ ಸ್ಕೂಟರಿನಲ್ಲಿ ಬೇರೆ ಕಡೆ ಕೊಡಬೇಕಿದ್ದ ಐಸ್‌ಕ್ರೀಮ್ ಕರಗುವ ಆತುರ, ಅವನು ಹೊರಟ. ನಾನು ಆ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಇವತ್ತು ಇದನ್ನು ಕಳಿಸುವುದಾದರೆ ನನ್ನನ್ನೂ ಪೆಟ್ಟಿಗೆಗೆ ಹಾಕಿ ಕಳಿಸಿ ಎಂದೆ. ಶಿಹ್ ನನ್ನನ್ನು ನೋಡಿದ, ಹೊಸ ಪೊಟ್ಟಣವನ್ನು ನೋಡಿದ, "ಸೋಮವಾರದ ತನಕ ನೋಡಿ" ಎಂದ. ಅವನದು ಒಳ್ಳೆಯ ಮನಸ್ಸು.

ಯು-ಹಾನ್ ನನಗೆ ಬಿಡಿಸಿ ಹೇಳಿದ್ದನ್ನು ಹಾಗೇ ಹೇಳುತ್ತೇನೆ, ನಿಮಗೆ ಅರ್ಧ ಗೊತ್ತಿರುವುದೇ. ನಮ್ಮ ಸಾವಿರಾರು ಚೀನೀ ಅಕ್ಷರಕ್ಕೆಲ್ಲ ಒಂದೊಂದು ಕೀಲಿ ಇಡಲು ಅಂಗಳದಷ್ಟು ಮಣೆ ಬೇಕು. ಆದ್ದರಿಂದ ಮೊದಲು ಸದ್ದಿನ ಕೀಲಿ ಒತ್ತುತ್ತೇವೆ, ಕಂಪ್ಯೂಟರಿನೊಳಗಿನ ಸಹಾಯಕ ಒಂದು ಅಕ್ಷರ ತಂದು, ಕೆಳಗೆ ಚುಕ್ಕಿಗೆರೆ ಎಳೆದು, ಇದೇನಾ ಎಂದು ಕೇಳುತ್ತಾನೆ. ಎಂಟರ್ ಒತ್ತಿದರೆ ಹೌದು ಎಂದ ಹಾಗೆ. ಹೆಸರೆಲ್ಲ ಮುಗಿದ ಮೇಲೆ ಮತ್ತೆ ಎಂಟರ್ ಒತ್ತಿದರೆ ಪುಟ ಕಳಿಸು ಎಂದ ಹಾಗೆ. ನಾವೆಲ್ಲ ಹೆಸರನ್ನು ಒಟ್ಟಿಗೆ ಬರೆದು, ಮೌಸಿನಿಂದ ಕಳಿಸುವ ಗುಂಡಿ ಒತ್ತುತ್ತೇವೆ. ನೀವು ಪ್ರೆಸ್ಸಿನವರು ಮಾತ್ರ ಒಂದೊಂದು ಅಕ್ಷರಕ್ಕೂ ಎಂಟರ್ ಒತ್ತಿ, ಮೊಳೆಯನ್ನು ಚೌಕಟ್ಟಿನಲ್ಲಿ ಕೂರಿಸಿದ ಹಾಗೆ ಕೂರಿಸಿಯೇ ಮುಂದಿನದಕ್ಕೆ ಹೋಗುತ್ತೀರಿ. ಸೀಸದ ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ನಿಮ್ಮ ಮೇಸ್ತ್ರಿ ಹಾಗೇ ಕಲಿಸಿದ್ದಂತೆ. ನಮ್ಮ ದೆವ್ವ ಇದಾವುದನ್ನೂ ಮಾಡುವುದಿಲ್ಲ. ಅದು ಸಿದ್ಧ ಹೆಸರನ್ನು ತಂದು ಖಾನೆಯೊಳಗೆ ಇಟ್ಟುಬಿಡುತ್ತದೆ. ಸಹಾಯಕನ ಮುಖವನ್ನೇ ನೋಡುವುದಿಲ್ಲ. "ಅಂದ್ರೆ ಚಿಕ್ಕಮ್ಮ, ನಮ್ಮ ಪರೀಕ್ಷೇಲಿ ಇಷ್ಟು ದಿನ ಯಾರೂ ಟೈಪೇ ಮಾಡಿಲ್ಲ" ಎಂದು ಅವಳು ತಾನೇ ಬೆರಗಾದಳು.

ಆಮೇಲೆ ದೆವ್ವಕ್ಕೆ ಕೀಲಿ ಒತ್ತುವುದನ್ನು ಕಲಿಸಲು ಕುಳಿತೆವು. ಬ್ರೌಸರಿಗೆ ಹೇಳಿದರೆ ಸಾಲದು, ಕಂಪ್ಯೂಟರಿಗೇ ಯಾರೋ ಕೀಲಿ ಒತ್ತಿದಂತೆ ಅನಿಸಬೇಕು. ದಾರಿ ಹುಡುಕಿದ್ದೆಲ್ಲ ಯು-ಹಾನ್, ಯಾವ ಕೀಲಿಯ ನಂತರ ಯಾವುದು ಎಂದು ಬರೆದದ್ದು ನಾನು. ಮೊದಲ ಸಲ ಸಹಾಯಕನನ್ನು ಎಬ್ಬಿಸುವುದೇ ಮರೆತಿತ್ತು. ನಿಮ್ಮ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಕಲಸಿ ಕಿಚಡಿಯಾಗಿ ಬಂತು. ಹೌದು, ಪರೀಕ್ಷೆಗೆ ನಿಮ್ಮ ಹೆಸರನ್ನೇ ಕೊಟ್ಟಿದ್ದೆ. ಎರಡನೆಯ ಸಲ ದೆವ್ವ ಒಂದೊಂದು ಅಕ್ಷರಕ್ಕೂ ಎಂಟರ್ ಒತ್ತಿ ಚೆನ್ನಾಗಿ ಬರೆಯಿತು. ಕುವೊ, ಮು, ಜುಂಗ್, ಪೂರ್ತಿ ಹೆಸರು, ಹಸಿರು ಗೆರೆ. ಹಸಿರು ಕಂಡು ನನಗೆ ಅಳು ಬಂದದ್ದು ಅದೇ ಮೊದಲು. ಎಷ್ಟು ಸಲ ಓಡಿಸಿದರೂ ಹಸಿರೇ. ಯಂತ್ರ ನಿಮ್ಮ ಹಾಗೇ ಬರೆದರೂ ತಪ್ಪು ಬರುತ್ತಿಲ್ಲ. ಹಾಗಾದರೆ ತಪ್ಪು ನಿಮ್ಮದೇ ಎಂದಾಯಿತಲ್ಲ.

ಊಟದ ಹೊತ್ತಿಗೆ ಡಬ್ಬಿ ತೆಗೆದು ಕುಳಿತೆವು. ತೆರೆಯ ಮೇಲೆ ದೆವ್ವ ಇನ್ನೂ ಬರೆಯುತ್ತಿತ್ತು, ಅಜೀರ್ಣವಾದವನು ಅನ್ನ ಅಗಿಯುವ ಹಾಗೆ. ನೋಡಿ ನೋಡಿ ನನಗೆ ರೇಗಿತು. ನಮ್ಮನೆಯವರು ಹೀಗೆ ಬರೆಯುವುದಿಲ್ಲ ಎಂದೆ. "ಮತ್ತೆ ಹೇಗೆ ಬರೀತಾರೆ?" ಎಂದಳು ಯು-ಹಾನ್. ನಾನು ಊಟದ ಕಡ್ಡಿ ಹಿಡಿದು ಡಬ್ಬಿಯ ಮುಚ್ಚಳದ ಮೇಲೆ ಹೊಡೆದು ತೋರಿಸಿದೆ. ಟಕಟಕಟಕ-ಟಪ್. ಟಕಟಕಟಕ-ಟಪ್. ಟಕ ಹಗುರ, ಟಪ್ ಎಂದರೆ ಎಂಟರ್, ಅದು ಗಟ್ಟಿ, ನಡುವೆ ಉಸಿರಿಗೂ ಜಾಗವಿಲ್ಲ. ಅಡುಗೆಮನೆಯಲ್ಲಿ ನಿಂತು ಎಷ್ಟು ವರ್ಷ ಕೇಳಿದ್ದೇನೆ ಅದನ್ನು. ನೀವು ಗುಡಿಯ ಕೆಲಸ ಮನೆಗೆ ತಂದ ದಿನ ನನ್ನ ಈರುಳ್ಳಿ ಕೊಚ್ಚುವ ಕೈಯೂ ಅದೇ ತಾಳಕ್ಕೆ ಬೀಳುತ್ತದೆ. ಯು-ಹಾನ್ ತಿನ್ನುತ್ತಿದ್ದುದನ್ನು ಬಿಟ್ಟು, "ಚಿಕ್ಕಮ್ಮ, ಇನ್ನೊಂದ್ಸಲ" ಎಂದು ಫೋನಿನಲ್ಲಿ ಹಿಡಿದುಕೊಂಡಳು. ಟಕಕ್ಕೂ ಟಪ್ಪಿಗೂ ನಡುವಿನ ಸಂದು ಅಳೆದಳು. ಅಳೆದು, "ಮಾಮ ಮನುಷ್ಯರೇನಾ?" ಎಂದಳು. ಆ ಸಂದನ್ನೇ ದೆವ್ವಕ್ಕೆ ಕೊಟ್ಟಳು.

ಕೆಂಪು. ಯಜಮಾನರೇ, ರಕ್ತದ ಹಾಗೆ ಕೆಂಪು ಗೆರೆ. ಕುವೊ ಮು ಎಂದು ಬರೆದು ಪುಟ ಹೊರಟುಹೋಗಿತ್ತು. ಮತ್ತೆ ಓಡಿಸಿದೆವು. ಒಮ್ಮೆ ಸರಿ, ಒಮ್ಮೆ ಬರೀ ಕುವೊ, ಒಮ್ಮೆ ಸರಿ, ಮತ್ತೆ ಕುವೊ ಮು. ಗುಡಿಯ ಪಟ್ಟಿಯಲ್ಲಿ ಬಂದಂತೆಯೇ, ಅಲ್ಲೊಂದು ಇಲ್ಲೊಂದು. ಅಕ್ಷರ ಇನ್ನೂ ಕೂತಿಲ್ಲ, ತಾಳು ಎಂದು ಸಹಾಯಕ ಬ್ರೌಸರಿಗೆ ಹೇಳುವಷ್ಟರಲ್ಲೇ ನಿಮ್ಮ ಟಪ್ ಬಿದ್ದಿರುತ್ತದೆ. ಬ್ರೌಸರ್ ಅದನ್ನೇ ಕಳಿಸು ಎಂದುಕೊಂಡು ಓಡುತ್ತದೆ. ನಿಧಾನಸ್ಥರಿಗೆ ಎಂದೂ ಆಗುವುದಿಲ್ಲ. ನಿಮ್ಮಿಂದಾದ ತಪ್ಪೆಂದರೆ ಅದು ಬೆರಳು ಚುರುಕಾಗಿರುವುದು. ಹೆಸರು ಅರ್ಧಕ್ಕೆ ಬಿಟ್ಟದ್ದು ನಿಮಗೆ ನೆನಪಿಲ್ಲ ಎಂದಿರಲ್ಲ, ಹೇಗೆ ನೆನಪಿರುತ್ತದೆ? ನೀವು ಬಿಟ್ಟೇ ಇರಲಿಲ್ಲ. ಪುಟ ಹೋದ ಮೇಲೂ ನಿಮ್ಮ ಬೆರಳು ಹೆಸರನ್ನು ಪೂರ್ತಿ ಮಾಡಿತ್ತು. ವರ್ಷ ತುಂಬಿದ ಯಂತ್ರವೂ ಅಲ್ಲ ಅದು, ಹೋದ ಬೇಸಿಗೆಯಲ್ಲಿ ಕೊಂಡದ್ದು, ಅದಕ್ಕೂ ಬಂತು ನಿಮ್ಮ ಮರೆವು.

ನಾನು ಏನು ಮಾಡಿದೆನೆಂದು ಕೇಳಬೇಡಿ. ಯು-ಹಾನ್ ನನ್ನನ್ನು ತಬ್ಬಿಕೊಂಡಳು, ಅಥವಾ ನಾನು ಅವಳನ್ನು. ಊಟದ ಡಬ್ಬಿ ನೆಲಕ್ಕೆ ಬಿತ್ತು. ಶಿಹ್ ಓಡಿಬಂದು ಕೆಂಪು ಗೆರೆ ನೋಡಿ, ನಮ್ಮಿಬ್ಬರ ಮುಖ ನೋಡಿ, "ಕೆಂಪು ಬಂದಿದ್ದಕ್ಕೆ ಹಬ್ಬ ಮಾಡೋ ಆಫೀಸು ಇಡೀ ದ್ವೀಪದಲ್ಲಿ ಇದೊಂದೇ" ಎಂದ. ಆಮೇಲೆ ಕುರ್ಚಿ ಎಳೆದುಕೊಂಡು ಅವನೂ ಕುಳಿತ. ತಾನೇ ಹೋಗಿ ಎಲ್ಲರಿಗೂ ಹಾಲುಮೀನಿನ ಗಂಜಿ ಕಟ್ಟಿಸಿಕೊಂಡು ಬಂದ, ನನ್ನದರಲ್ಲಿ ಒಂದು ತುಂಡು ಹೆಚ್ಚಿತ್ತು. ತಿದ್ದುವ ಕೆಲಸ ಅವರದ್ದು, ನನಗೆ ತಿಳಿಯುವಂಥದ್ದಲ್ಲ. ತಿದ್ದಿದ ಮೇಲೆ ನಿಮ್ಮ ತಾಳದಲ್ಲೇ ದೆವ್ವವನ್ನು ಬೆಳಗಿನಿಂದ ಸಂಜೆಯ ತನಕ ಬಿಡದೆ ಓಡಿಸಿದರು, ಅದಕ್ಕಿಂತ ಜೋರಾಗಿಯೂ ಓಡಿಸಿದರು. ಎಲ್ಲ ಹಸಿರು. ಈ ಹಸಿರನ್ನು ನಾನು ನಂಬುತ್ತೇನೆ.

ನಿನ್ನೆ ಸರಿಪಡಿಸಿದ್ದನ್ನು ಗುಡಿಯ ಕಂಪ್ಯೂಟರಿಗೆ ಹಾಕಲು ನಾನೂ ಯು-ಹಾನ್‌ಳೂ ಹೋಗಿದ್ದೆವು. ಅಧ್ಯಕ್ಷರನ್ನು ಕೂರಿಸಿ, ಹಳೆಯದರಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಓಡಿಸಿ ತೋರಿಸಿದೆವು. ಅವರು ಎರಡು ಸಲ ನೋಡಿದರು. ಮೂರನೆಯ ಸಲ ಕನ್ನಡಕ ತೆಗೆದರು. "ಅಲ್ಲಮ್ಮ, ನಾನು ಅವರಿಗೆ ವಯಸ್ಸಾಯ್ತು ಅಂದ್ನಲ್ಲ. ಈಗೇನ್ ಮುಖ ಇಟ್ಕೊಂಡು ಫೋನ್ ಮಾಡ್ಲಿ?" ಎಂದರು. ಹತ್ತಿರದಲ್ಲೇ ಮೀನುಂಡೆಯ ಪಾತ್ರೆ ಇಟ್ಟುಕೊಂಡು ನಿಂತಿದ್ದ ಲಿನ್ ಅಜ್ಜಿ, "ಇರೋ ಮುಖಾನೇ ಇಟ್ಕೊಂಡು ಮಾಡಿ" ಎಂದಳು. ಅವರು ಮಾಡಿದರಂತೆ. ನೀವು ಮಲಗಿದ್ದಿರಂತೆ.

ಇನ್ನೇನು, ಮನೆಯಲ್ಲಿ ಎಲ್ಲ ಕ್ಷೇಮ. ಮಹಡಿಯ ಮೇಲಿನ ಟೊಮೆಟೊ ಹಣ್ಣಾಗುತ್ತಿದೆ, ಶುಂಠಿ ಬೆಲ್ಲ ಹಚ್ಚಿಕೊಂಡು ಒಬ್ಬಳೇ ತಿನ್ನುವುದು ಬೇಜಾರು. ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ. ಈ ತಿಂಗಳ ಕೊನೆಯ ಹೊಸವರ್ಷಕ್ಕೆ ಅವರನ್ನೂ ಕರೆದುಕೊಂಡೇ ಬನ್ನಿ, ಅವರ ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಗಾಳಿಗೆ ಕಿವಿ ಮುಚ್ಚಿಕೊಳ್ಳಿ. ನಿಮ್ಮ ಆರೋಗ್ಯ ಗಟ್ಟಿಯಿರಲಿ, ಹಟ ಸ್ವಲ್ಪ ಸಡಿಲವಾಗಲಿ ಎಂದು ದೇವಿಯಲ್ಲಿ ಕೇಳಿಕೊಂಡಿದ್ದೇನೆ.

ಇಂತಿ,
ನಿಮ್ಮವಳೇ ಆದ
ಯೆನ್ ಶ್ಯು-ಲುವಾನ್

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಲಿನ್ ಅಜ್ಜಿ ಮೊಮ್ಮಗಳ ಹೆಸರನ್ನು ನನ್ನ ಕೈಯಲ್ಲಿ ಬರೆಸಲು ಒಪ್ಪಲಿಲ್ಲ. "ಅರ್ಧ ಬರ್ದಿರೋ ಕೈನೇ ಪೂರ್ತಿ ಮಾಡ್ಲಿ" ಎಂದಳು. ಚೀಟಿ ಗುಡಿಯ ಮೇಜಿನ ಮೇಲೆ, ನಿಮ್ಮ ಬೀಗದ ಕೈಯ ಕೆಳಗಿದೆ. ಪಕ್ಕದಲ್ಲಿ ನಿಮ್ಮ ದೀಪದ ಚೀಟಿಯೂ ಇದೆ, ಅದನ್ನೂ ನಾನು ದಾಖಲಿಸಿಲ್ಲ. ಇನ್ನೊಂದು. ಆ ಪರೀಕ್ಷೆಗೆ ಯು-ಹಾನ್ ನಿಮ್ಮ ಹೆಸರನ್ನೇ ಇಟ್ಟಿದ್ದಾಳೆ. ಇನ್ನು ಮುಂದೆ ಯಾವ ಹೊಸ ಆವೃತ್ತಿ ಹೊರಗೆ ಹೋಗಬೇಕಾದರೂ ಮೊದಲು ಯಂತ್ರ ಕುವೊ ಮು-ಜುಂಗ್ ಎಂದು ನಿಮ್ಮ ತಾಳದಲ್ಲಿ ಬರೆಯಬೇಕು, ಪೂರ್ತಿ ಬಂದರೆ ಮಾತ್ರ ಮುಂದೆ. ದಿನಾ ಬೆಳಿಗ್ಗೆ ಅದರ ಮುಂದೆ ಕುಳಿತು ನೋಡುತ್ತೇನೆ. ಬೆರಳಿಲ್ಲ, ಕೀಲಿ ಅಲ್ಲಾಡುವುದಿಲ್ಲ, ಅಕ್ಷರ ಮೂಡುತ್ತದೆ. ಎಲ್ಲ ನಿಮ್ಮದೇ, ಆದರೆ ಸದ್ದಿಲ್ಲ. ಮನೆಯಲ್ಲೂ ಸದ್ದಿಲ್ಲ. ಬೇಗ ಬನ್ನಿ.